ಹೆಪ್ಪಿನ ವಂಶ

ಸೊಸೆ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅತ್ತೆ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಸುಮ್ಮನಿರಲಾರದೆ ಬಾಯಿಬಿಟ್ಟಳು.

"ಇದರಲ್ಲಿರೋ ಒಂದೊಂದು ಜೀವಕೋಶವೂ ಹಾಲಿನ ಸಕ್ಕರೆ ತಿಂದು ಬೆಳೆಯುತ್ತೆ, ಅತ್ತೆ. ತೀರಾ ದೊಡ್ಡದಾದ್ರೆ ಮೈಯೊಳಗೆಲ್ಲ ಊಟ ತಲುಪಲ್ಲ. ಅದಕ್ಕೇ ಒಡೆದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ನಿಮ್ಮತ್ತೆ ಕಾಲದ ಹೆಪ್ಪಿನ ವಂಶವೇ ಇದು!"

ಅತ್ತೆ ಒಂದು ಗಳಿಗೆ ಪಾತ್ರೆಯನ್ನೇ ನೋಡಿದರು. ಆಮೇಲೆ ಕತ್ತು ನೆಟ್ಟಗೆ ಮಾಡಿದರು.

"ಮತ್ತೆ! ಇನ್ಮೇಲೆ ಹೊರಗಿನ ಹೆಪ್ಪು ಈ ಮನೆ ಹೊಸ್ತಿಲು ದಾಟಕೂಡದು."

ಮರುವಾರ ಅತ್ತೆ ಮಗಳ ಮನೆಗೆ ಹೋದರು. ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿ ಸೊಸೆ ಉಳಿದಿದ್ದ ಹೆಪ್ಪನ್ನೆಲ್ಲ ಸುಡುವ ಹಾಲಿಗೆ ಸುರಿದುಬಿಟ್ಟಳು. ವಂಶವೆಲ್ಲ ಬೆಂದುಹೋಯಿತು. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ಮೊಸರಿಲ್ಲ, ಒಡೆದ ಹಾಲು. ನಾಳೆ ಅತ್ತೆ ಬರುತ್ತಾರೆ.

ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಓಡಿದಳು.

"ಒಂದು ಚಮಚ ಹೆಪ್ಪು ಕೊಡಿ, ಪಂಕಜಮ್ಮ. ಅತ್ತೆಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ!"

ಪಂಕಜಮ್ಮ ಬಟ್ಟಲು ಇಸಿದುಕೊಂಡು ನಕ್ಕರು.

"ನಾನ್ಯಾಕೆ ಹೇಳ್ಲಮ್ಮ? ಮೂವತ್ತು ವರ್ಷದ ಹಿಂದೆ ನಿಮ್ಮತ್ತೇನೂ ಹೀಗೇ ಬಟ್ಟಲು ಮುಚ್ಕೊಂಡು ಬಂದಿದ್ರು, ತಮ್ಮತ್ತೆಗೆ ಹೇಳ್ಬೇಡಿ ಅಂತ."