ಸುಮಿತ್ರೆಯ ಕಂಪ್ಯೂಟರ್

ಕೆಲಸ ಬಿಟ್ಟುಹೋದ ಸುಮಿತ್ರೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಗೇರುಬೀಜದ ಕಂಪನಿಯ ಮ್ಯಾನೇಜರ್ ಕಂಪ್ಯೂಟರ್ ರಿಪೇರಿಯ ಜಸಿಂತಾಳನ್ನು ಕರೆಸಿದ್ದ. ಪಕ್ಕದ ಹಾಲಿನಲ್ಲಿ ಮಾಲೀಕರ ಮೀಟಿಂಗ್ ಇತ್ತು. ಆದರೆ ಸಿಸ್ಟಮ್ ಹಾಕಲು ಹೊರಟರೆ ಪರದೆಯ ಮೇಲೆ ಬರೀ ಕತ್ತಲು. ಮೌಸ್ ಕೂಡ ಸತ್ತಂತಿತ್ತು. ಮ್ಯಾನೇಜರ್ ಅವಳ ಕುರ್ಚಿಗೆ ಒರಗಿಕೊಂಡೇ ನಿಂತಿದ್ದ. ಗುಟ್ಕಾ ವಾಸನೆಯ ಅವನ ಉಸಿರು ಅವಳ ಕಿವಿಯ ಮೇಲೆಯೇ ಬಂದು ಬೀಳುತ್ತಿತ್ತು.

ಜಸಿಂತಾ ಮೌಸಿನ ವೈರನ್ನು ಕಿತ್ತು ಬೇರೆ ಕಡೆ ಚುಚ್ಚಿದಳು. ಮೇಜಿನಡಿ ತೂರಿ ವೈರುಗಳನ್ನು ನೋಡಿದಳು. ಮತ್ತೆ ಕುಳಿತು ಕೀಲಿಮಣೆಯಲ್ಲಿ ಏನೋ ಒತ್ತಿದಾಗ ಪರದೆ ಬೆಳಗಿತು, ಬಾಣದ ಗುರುತು ಓಡಾಡಿತು.

"ಆಯ್ತು ಸರ್. ಇನ್ನು ಹಳೆಯದನ್ನೆಲ್ಲ ಅಳಿಸ್ತೇನೆ."

"ತಡಿ, ಏನೇನು ಉಂಟು ನೋಡುವ," ಎಂದು ಅವನು ಮೌಸ್ ಕಿತ್ತುಕೊಂಡು ಸುಮಿತ್ರೆಯ ಫೈಲುಗಳನ್ನು ತೆರೆದ. ಅವನೇ ಅವಳಿಗೆ ಕಳಿಸಿದ್ದ ಮೆಸೇಜುಗಳನ್ನು ಅವಳು ಒಂದೂ ಬಿಡದೆ ಉಳಿಸಿಟ್ಟಿದ್ದಳು. ಲಾಡ್ಜಿಗೆ ಬರದಿದ್ದರೆ ಕೆಲಸ ಇರುವುದಿಲ್ಲ ಎಂಬುದನ್ನು ಓದಿ ಅವನು ಕಿಸಕ್ಕನೆ ನಕ್ಕ.

"ದೂರು ಕೊಡ್ತೇನೆ ಅಂತಿದ್ದಳು. ಇನ್ನು ಸಾಕ್ಷಿ ಎಲ್ಲಿಂದ ತರ್ತಾಳಂತೆ?"

ಜಸಿಂತಾಳಿಗೆ ಅವನ ಕೈ ತಗಲಿದ ಮೌಸನ್ನು ಮುಟ್ಟಲೂ ಹೇಸಿಗೆಯಾಯಿತು. ಅವಳು ಕೈಕಟ್ಟಿ ಕುಳಿತಳು.

"ಏನು ನೋಡ್ತಿ? ಅಳಿಸು."

"ಸ್ವಲ್ಪ ಹೊತ್ತು ಬಿಟ್ಟು ಅಳಿಸುವ ಸರ್."

"ಯಾಕೆ?"

"ಮೊದಲು ಚಿತ್ರ ಇಲ್ಲಿ ಬರದೆ ಪಕ್ಕದ ಮೀಟಿಂಗ್ ಹಾಲಿನ ದೊಡ್ಡ ಪರದೆಗೆ ಹೋಗ್ತಾ ಇತ್ತು, ಈಗ ಎರಡೂ ಕಡೆ ಬರ್ತಾ ಉಂಟು," ಎಂದಳು ಜಸಿಂತಾ. "ಅಲ್ಲಿ ಕೂತಿರುವ ಮಾಲೀಕರು ಇನ್ನೂ ಓದಿ ಮುಗಿಸಿರಲಿಕ್ಕಿಲ್ಲ."