ಶೀಶೆಯ ಬಣ್ಣ

“ಆಕೆ ಔಷಧಿ ನುಂಗ್ತಿಲ್ಲ, ಸಾಬ್ರೆ.” ಡಾಕ್ಟರ್ ವಾಮದೇವಪ್ಪ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹರಿಹರದ ಮಾಬೂಬೀಯ ಎದೆ. ಹೋದ ವರ್ಷ ಚೇತರಿಸಿಕೊಂಡಿದ್ದು ಈಗ ಪೂರಾ ಹದಗೆಟ್ಟಿತ್ತು.

“ನುಂಗ್ತಾಳೆ ಸರ್. ಬಣ್ಣ ಸುಳ್ಳು ಹೇಳಂಗಿಲ್ಲ,” ಎಂದ ಕುತುಬುದ್ದೀನ್.

ದಾವಣಗೆರೆಯ ಕ್ಷಯದ ದವಾಖಾನೆಯಲ್ಲಿ ಅವನ ಕೆಲಸವೇ ಅದು. ರೋಗಿಯ ಮನೆಗೆ ಹೇಳದೆ ಕೇಳದೆ ಹೋಗುವುದು, ಶೀಶೆಯಲ್ಲಿ ಮೂತ್ರ ಕೇಳುವುದು, ಎರಡು ಹನಿ ದ್ರಾವಣ ಬಿಡುವುದು. ಔಷಧಿ ಹೊಟ್ಟೆಗೆ ಹೋಗಿದ್ದರೆ ನೇರಳೆ. ಹಿತ್ತಿಲಿಗೆ ಹೋಗಿದ್ದರೆ ಬಣ್ಣವೇ ಇಲ್ಲ. ವಾಕರಿಕೆ ತರಿಸುವ ಆ ಔಷಧಿ ಪುಡಿಯನ್ನು ಚೆಲ್ಲಿ, ನುಂಗಿದೆವೆಂದು ಆಣೆ ಇಟ್ಟವರು ಬೇಕಾದಷ್ಟು ಜನ ಸಿಕ್ಕಿಬಿದ್ದಿದ್ದರು. ಮಾಬೂಬೀ ಮಾತ್ರ ಒಮ್ಮೆಯೂ ಸಿಕ್ಕವಳಲ್ಲ.

ಆಕೆ ಗಾದಿ ಹೊಲಿಯುವ ವಿಧವೆ. ಶೀಶೆ ಪರದೆಯ ಹಿಂದೆ ಹೋಗುತ್ತಿತ್ತು, ತುಂಬಿ ಬರುತ್ತಿತ್ತು. ಅಷ್ಟು ಹೊತ್ತು ಕುತುಬುದ್ದೀನ್ ಬೀದಿಗೆ ಮುಖ ಮಾಡಿ ಹೊಸ್ತಿಲ ಬಳಿ ಕೂರುತ್ತಿದ್ದ. ಹೆಂಗಸರ ಮನೆಯಲ್ಲಿ ಅದು ಮರ್ಯಾದೆ.

ಆ ಮನೆಯ ಶಿಸ್ತು ಮೆಚ್ಚಿಯೇ ಮಾಬೂಬೀಯ ಮಗಳು ಬಿಲ್ಕೀಸಳನ್ನು ತನ್ನ ಮಗನಿಗೆ ಕೇಳಿದ್ದ. “ಕೊಡೋದು ಬಿಡೋದು ಏನೂ ಬ್ಯಾಡ ಆಪಾ. ಹುಡುಗಿ ಎದೆ ಗಟ್ಟಿ ಐತಲ್ಲ, ಸಾಕು,” ಎಂದು ನಕ್ಕಿದ್ದ. ಮಾಬೂಬೀ ನಕ್ಕಿರಲಿಲ್ಲ. ಹುಡುಗಿ ಆಗ ಕಡ್ಡಿಯಂತಿದ್ದಳು. ಹತ್ತಿಯ ಧೂಳಿಗೆ ಕೆಮ್ಮುತ್ತಾಳೆ ಎಂದಿದ್ದಳು ತಾಯಿ. ಮಾತು ನಿಕ್ಕಿಯಾದ ಮೇಲೆ ಮೈಕೈ ತುಂಬಿಕೊಂಡು ಕಳೆಕಳೆಯಾದಳು. ಮದುವೆಯ ಹುರುಪು ಎಂದುಕೊಂಡ ಕುತುಬುದ್ದೀನ್.

ಡಾಕ್ಟರ ಮಾತು ಚುಚ್ಚುತ್ತಿತ್ತು. ಅಂದೇ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ನೇರವಾಗಿ ಕೇಳಿಬಿಟ್ಟ.

“ಆಪಾ, ನಿಜ ಹೇಳ್ರಿ. ಪುಡಿ ಹೊಟ್ಟೆಗೆ ಹೋಗ್ತೈತೋ, ಇಲ್ಲೋ?”

“ಅಲ್ಲಾನಾಣೆ ಭಾಯಿ, ಒಂದು ಹೊತ್ತೂ ತಪ್ಪಿಸಿಲ್ಲ. ಒಂದು ಚಿಟಿಕೆ ಚೆಲ್ಲಿಲ್ಲ.” ಕೆಮ್ಮು ಅವಳನ್ನು ಹಿಡಿದು ಅಲ್ಲಾಡಿಸಿತು. “ಮಗಳ ನಿಕಾ ಒಂದು ಆಗಿಬಿಡ್ಲಿ. ಆಮೇಲೆ ನಾನು ಇದ್ರೂ ಆತು, ಹೋದ್ರೂ ಆತು.”

ಶೀಶೆ ಪರದೆಯ ಹಿಂದೆ ಹೋಗಿ ಬಂತು. ನೇರಳೆಯಾಯಿತು. ಕುತುಬುದ್ದೀನನಿಗೆ ಅಳುವೇ ಬಂತು. ಇಷ್ಟು ನಿಯತ್ತಿನವಳಿಗೆ ಔಷಧಿ ಯಾಕೆ ಕೈಕೊಡಬೇಕು?

ನಿಕಾ ನೋಡುವಷ್ಟು ದಿನ ಮಾಬೂಬೀ ಉಳಿಯಲಿಲ್ಲ.

ಮಣ್ಣು ಕೊಟ್ಟ ಮರುದಿನ ಬೆಳಿಗ್ಗೆ ಅವನು ಸಮಾಧಾನ ಹೇಳಲೆಂದು ಬಂದ. ಹೆಗಲಲ್ಲಿ ದ್ರಾವಣದ ಅದೇ ಚೀಲ. ರೂಢಿಯಂತೆ ಬೀದಿಗೆ ಮುಖ ಮಾಡಿಯೇ ಕೂತ. ಹಿಂದೆ ಪರದೆ ಸರಿದ ಸದ್ದಾಯಿತು. ಬಿಲ್ಕೀಸ್ ತಲೆ ತಗ್ಗಿಸಿಕೊಂಡು ಬಂದು ಅವನ ಪಕ್ಕದಲ್ಲಿ ತುಂಬಿದ ಶೀಶೆ ಇಟ್ಟಳು.

ಮುಟ್ಟಿದ. ಇನ್ನೂ ಬೆಚ್ಚಗಿತ್ತು. ಚೀಲ ಬಿಚ್ಚಿ ಎರಡು ಹನಿ ಬಿಟ್ಟ.

ನೇರಳೆ.

“ಅಮ್ಮಿ ಹೋದ್ಲು ಅಂತ ಅವಳು ಕೊಡ್ತಿದ್ದ ಮೈ ತುಂಬೋ ಪುಡಿ ಬಿಟ್ಟಿಲ್ಲ ಮಾಮೂ,” ಎಂದಳು ಬಿಲ್ಕೀಸ್. “ನೀವು ಬಂದಾಗೆಲ್ಲ ನನ್ನ ಶೀಶೆ ನೋಡ್ತೀರಂತ ನಾನು ಒಂದು ಹೊತ್ತೂ ತಪ್ಪಿಸಿಲ್ಲ.”