ಮೊಂಡು ಬಾಗಿಲು

ಮರದ ಡಿಪೋದ ಹಿಂದೆ ಬಚ್ಚಿಟ್ಟಿದ್ದ ಟ್ಯಾಕ್ಸಿಯ ಮೇಲಿನ ಟಾರ್ಪಾಲನ್ನು ಚಾಲಕ ಅತ್ತಿತ್ತ ನೋಡಿ ಎಳೆದು ತೆಗೆದ. ಕಂತಿನ ಮೇಲೆ ಕೊಂಡ ಹಳೇ ಗಾಡಿ. ಕಂತು ಬಾಕಿ ಬಿದ್ದಿತ್ತು. ವಸೂಲಿಯವರ ಕಣ್ಣಿಗೆ ಬಿದ್ದರೆ ಹೋಯಿತೆಂದೇ ಲೆಕ್ಕ.

ಹೆಂಡತಿಯ ಫೋನ್ ಬಂತು. "ರೀ, ಅವ್ರು ಮತ್ತೆ ಬಂದಿದ್ರು. ಗಾಡಿ ಎಲ್ಲಿ ಅಂದ್ರು. ಗಂಡನೇ ಎಲ್ಲಿದಾನೋ ಗೊತ್ತಿಲ್ಲ, ಇನ್ನು ಗಾಡಿ ಎಲ್ಲಿಂದ ತರಲಿ ಅಂದೆ."

"ಭೇಷ್! ಇನ್ನೊಂದು ಸವಾರಿ ಆದ್ರೆ ವಾರದ ಗುರಿ ಮುಗೀತು. ಬೋನಸ್ ಬಂದ್ರೆ ಕಂತು ಕಟ್ಟಿ, ಗಾಡೀನ ಬಾಗಿಲಿಗೇ ತಂದು ನಿಲ್ಲಿಸ್ತೀನಿ."

ಆ್ಯಪಿನವರ ನ್ಯಾಯವೇ ಹಾಗೆ. ಸವಾರಿಯ ದುಡ್ಡು ಪೆಟ್ರೋಲಿಗೂ ಊಟಕ್ಕೂ ಸರಿಹೋಗುತ್ತದೆ. ಕಂತು ಕಟ್ಟಲು ಬೋನಸ್ಸೇ ಗತಿ. ಗುರಿಗೆ ಒಂದೇ ಒಂದು ಸವಾರಿ ಕಡಿಮೆಯಾದರೂ ಬೋನಸ್ ಪೂರ್ತಿ ಸೊನ್ನೆ. ಕಳೆದ ವಾರ ಒಂದು ಕಡಿಮೆಯಾಗಿತ್ತು. ಸ್ಟಿಯರಿಂಗಿಗೆ ತಲೆಯಾನಿಸಿ ಅತ್ತಿದ್ದ.

ಆ್ಯಪ್ ತೆರೆದದ್ದೇ ತಡ, ಮುಂದಿನ ತಿರುವಿನಲ್ಲೇ ಒಬ್ಬ ಗಿರಾಕಿ. ಎದುರಿಗೆ ಬಂದ ಇನ್ನೊಬ್ಬ ಚಾಲಕ ಗಾಜು ಇಳಿಸಿ ಕೂಗಿದ. "ಹುಷಾರು ಕಣಯ್ಯಾ! ಬೆಳಿಗ್ಗೆಯಿಂದ ಯಾರೋ ಆ ತಿರುವಿಗೇ ಬುಕ್ ಮಾಡಿ, ಗಾಡಿ ನೋಡಿ ಕ್ಯಾನ್ಸಲ್ ಮಾಡ್ತಿದಾನೆ."

ಈ ಗಾಡಿಯನ್ನು ನೋಡಿ ಗಿರಾಕಿ ಕ್ಯಾನ್ಸಲ್ ಮಾಡಲಿಲ್ಲ.

ಹಿಂದಿನ ಬಾಗಿಲು ಮಹಾ ಮೊಂಡು. ಹತ್ತಿದವರೆಲ್ಲ ಜಗ್ಗಾಡಿ ಬೈಯುತ್ತಿದ್ದರು. ಇವನು ಹಿಡಿಯನ್ನು ತುಸು ಎತ್ತಿ, ಮೊಣಕಾಲಿನಿಂದ ಒತ್ತಿ, ಸಲೀಸಾಗಿ ತೆಗೆದು ಕೂತ. ಶುಭಶಕುನ ಎಂದುಕೊಂಡ ಚಾಲಕ.

ದಾರಿಯುದ್ದಕ್ಕೂ ಚಾಲಕನದೇ ಮಾತು. ಕಂತು, ಬೋನಸ್, ಮಗಳ ಶಾಲೆ. ಗಿರಾಕಿ ಬರೀ ಹೂಂಗುಟ್ಟಿದ.

"ನಿಮ್ಮ ಮನೇಲಿ ಎಷ್ಟು ಜನ ಸಾರ್?"

"ಈಗ ನಾನೊಬ್ನೇ."

ಊರಾಚೆ ಎತ್ತರದ ಕಾಂಪೌಂಡೊಂದರ ಒಳಗೆ ಸವಾರಿ ಮುಗಿಯಿತು. ಗುರಿ ಮುಟ್ಟಿತು! ಮೊಬೈಲಿನ ತುಂಬ ಬಣ್ಣದ ನಕ್ಷತ್ರಗಳು. ಹಿಗ್ಗಿನಿಂದ ಚಾಲಕ ತಲೆಯೆತ್ತಿದ. ಸಾಲಾಗಿ ನಿಂತ ಟ್ಯಾಕ್ಸಿಗಳು, ಒಂದರಲ್ಲೂ ಚಾಲಕನಿಲ್ಲ. ಹಿಂದೆ ಗೇಟು ಮುಚ್ಚಿತು.

ಚಾಲಕ ಗಿರಾಕಿಯತ್ತ ತಿರುಗಿ ಕೈಮುಗಿದ. "ಸಾರ್, ಬೋನಸ್ ಬಂತು. ಕಟ್ಬಿಡ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅದು ಕೈಗೆ ಸಿಗೋದು ಸೋಮವಾರ. ಅಷ್ಟ್ರಲ್ಲಿ ಗಾಡಿ ಬೇರೆಯವ್ರ ಪಾಲಾಗಿರುತ್ತೆ." ಗಿರಾಕಿ ಕೈ ಚಾಚಿ ಕೀ ಕಿತ್ತುಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಡಿ ಹಿಡಿದು ತಂದ್ರೆ ಒಂದಕ್ಕೆ ಇಷ್ಟು ಅಂತ ಕೊಡ್ತಾರೆ. ವಾರದ ಗುರಿ ಮುಟ್ಟಿದ್ರೆ ಬೋನಸ್. ಬರೋದಾದ್ರೆ ನಾಳೆ ಬನ್ನಿ, ಸೇರಿಸ್ತೀನಿ."

"ನಾನು ಡ್ರೈವರ್ ಸಾರ್! ಇಂಥ ಕೆಲಸ ನಮ್ಮಂಥವ್ರು ಮಾಡ್ತಾರಾ?"

ಗಿರಾಕಿ ಕೆಳಗಿಳಿದ. ಹಿಡಿಯನ್ನು ತುಸು ಎತ್ತಿ, ಮೊಣಕಾಲಿನಿಂದ ಒತ್ತಿ, ಮೊಂಡು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

"ನಿಮಗಿಂತ ಮುಂಚೆ ಈ ಗಾಡಿ ನಂದೇ ಆಗಿತ್ತು."